ಬೆಟ್ಟದ ತೋಟದಲ್ಲಿ ಕಾಡುಮರಗಳ ರಕ್ಷಣೆ

ಮಲೆನಾಡಿನ ಇಳಿಜಾರಿನಲ್ಲಿ ಕಾಫಿ ಹಾಕತಕ್ಕ ಜಮೀನುದಾರರು ಮೊದಲು ಕಾಡನ್ನು ಬೋಳಿಸುವುದುಂಟು. ಇದರಿಂದ ನಷ್ಟವೇ ಹೆಚ್ಚು. ಬಿಸಿಲಿಗೆ ಬಿದ್ದ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಬಿಳಿ ಕಾಂಡಕೊರಕವು ಮೊಟ್ಟೆಯಿಡುವುದು. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಬೇಕಾಗುವುದು. ಆದಕಾರಣ ಅತ್ತಿ, ಬಸರಿ, ಹಲಸು ಮೊದಲಾದ ಹಳೆಯ ಮರಗಳನ್ನುಳಿಸಿ ಪೊದೆಗಳನ್ನು ಮಾತ್ರ ಸವರತಕ್ಕದ್ದು. ಮುಂಗಾರಿಗೆ ಮುಂಚೆ ಕೊಂಬೆಗಳನ್ನು ತರಿದು ಬೆಳಕು ಬಿಡತಕ್ಕದ್ದು. ಸಿಲ್ವರ್ ಓಕ್ ಬೇಗ ಬೆಳೆಯುವುದು ನಿಜ. ಆದರೆ ಆಸ್ಟ್ರೇಲಿಯಾದ ಆ ಮರವೊಂದನ್ನೇ ನೆಟ್ಟು ಗುಡ್ಡದ ಚೆಲುವನ್ನು ಕೆಡಿಸುವುದು ನಮಗೆ ಸರಿತೋರದು. ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಲಿ. ನಡುನಡುವೆ ತೊಟ್ಟಿಲುಗುಂಡಿ ತೆಗೆದರೆ ಮಳೆನೀರೂ ಮಣ್ಣೂ ಅಲ್ಲಿಯೇ ತಂಗುವವು. ಹಳ್ಳದ ತಲೆಯಲ್ಲಿರುವ ಶೋಲಾ ಕಾಡಿಗೆ ಮಾತ್ರ ಕೊಡಲಿ ತಾಗಲೇಕೂಡದು. ಕೆಳಗಣ ಗದ್ದೆಗಳಿಗೆ ಬೇಸಗೆಯಲ್ಲಿ ಜಿನುಗುವ ನೀರು ಅದರದೇ. ಅಲ್ಲಿ ಮರ ಕಡಿಯಬಂದವರನ್ನು ಊರ ಮುಖಂಡರು ಮೊದಲ ದಿನವೇ ತಡೆಯಬೇಕು.