ಸಂತ ಜೋಕಿಮರ ಕಣಿವೆ

ಜುಲೈ 26ರಂದು ನಾವು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ ಆಚರಿಸುತ್ತೇವೆ. ಈ ಜೋಕಿಮರ ಹೆಸರಿಗೂ ಅಮೆರಿಕದ ಡಾಲರಿಗೂ ನಂಟಿದೆ ಎಂದರೆ ನಂಬುತ್ತೀರಾ?

ಚೆಕ್ ಗಣರಾಜ್ಯದ ವಾಯವ್ಯ ಅಂಚಿನಲ್ಲಿ, ಜರ್ಮನಿಯ ಗಡಿಯುದ್ದಕ್ಕೂ ಕ್ರುಶ್ನೇ ಹೋರಿ ಬೆಟ್ಟಸಾಲು ಹಬ್ಬಿದೆ. ಅದರ ಇಕ್ಕಟ್ಟಾದ ಕಣಿವೆಯೊಂದರಲ್ಲಿರುವ ಪುಟ್ಟ ಪಟ್ಟಣ ಯಾಖಿಮೊವ್. ಜರ್ಮನ್ನರು ಅದನ್ನು ಕರೆದದ್ದು ಯೋಆಖಿಮ್‌ಸ್ಟಾಲ್ ಎಂದು. ಅಂದರೆ ಜೋಕಿಮರ ಕಣಿವೆ. ಒಂದೇ ಊರಿಗೆ ಎರಡು ಭಾಷೆಯ ಹೆಸರಿರುವುದು ಗಡಿನಾಡಿನ ನಮಗೇನೂ ಹೊಸದಲ್ಲ. ಬೆಟ್ಟದಾಚೆಯ ಗಣಿಯೂರು ಆನಾಬೆರ್ಗ್‌ಗೆ ಅನ್ನಮ್ಮನವರ ಹೆಸರು.

ಬೆಳ್ಳಿ ಸಿಕ್ಕಿದ್ದರಿಂದ 1516ರಲ್ಲಿ ಊರು ಕಟ್ಟಿದರು. ಒಡೆಯರಾದ ಷ್ಲಿಕ್ ಮನೆತನದವರು ಜೋಕಿಮರ ಚಿತ್ರವಿದ್ದ ದೊಡ್ಡ ಬೆಳ್ಳಿ ನಾಣ್ಯ ಟಂಕಿಸಿದರು. 'ಯೋಆಖಿಮ್‌ಸ್ಟಾಲರ್' ಎಂಬ ಅದರ ಉದ್ದ ಹೆಸರು ಜನರ ಬಾಯಲ್ಲಿ 'ಟಾಲರ್' ಆಯಿತು. ಅದೇ ಮುಂದೆ ಡಾಲರ್.

ಬೆಳ್ಳಿಯ ಜೊತೆ ಅಲ್ಲಿ ಭಾರವಾದ ಕಪ್ಪು ಕಲ್ಲೊಂದು ಸಿಗುತ್ತಿತ್ತು. ಅದು ಕಂಡರೆ ಬೆಳ್ಳಿ ಮುಗಿಯಿತೆಂದು ಗಣಿಗಾರರು ಅದನ್ನು ಎಸೆಯುತ್ತಿದ್ದರು. ಅದು ಯುರೇನಿಯಂ ಅದಿರು! ಮುಂದೆ ಅದರಿಂದ ಗಾಜಿಗೆ ಬಣ್ಣ ತೆಗೆದು, ಉಳಿದ ಚರಟವನ್ನು ಕಾಡಿನಲ್ಲಿ ಸುರಿದರು. ಮೇರಿ ಕ್ಯೂರಿ ತರಿಸಿಕೊಂಡದ್ದು ಆ ಚರಟವನ್ನೇ. 1898ರಲ್ಲಿ ರೇಡಿಯಂ ಇರುವುದನ್ನು ತೋರಿಸಿದ ಕ್ಯೂರಿ ದಂಪತಿ, ಟನ್ನುಗಟ್ಟಲೆ ಚರಟ ಕುದಿಸಿ, ಸೋಸಿ, 1902ರಲ್ಲಿ ಪಡೆದ ರೇಡಿಯಂ ಕ್ಲೋರೈಡ್ ಬರೀ 0.1 ಗ್ರಾಂ.

ಗಣಿಗಾರರು ಎದೆರೋಗದಿಂದ ಬೇಗ ಸಾಯುತ್ತಿದ್ದುದಕ್ಕೆ ಕಾರಣವೂ ಆ ಕಲ್ಲಿನಲ್ಲೇ ಇತ್ತು. ರೇಡಿಯಂ ಕ್ಷಯಿಸಿದಾಗ ರೇಡಾನ್ ಅನಿಲ ಹೊಮ್ಮುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೋಗಿ ಶ್ವಾಸಕೋಶದಲ್ಲಿ ವಿಕಿರಣದ ಕಣಗಳನ್ನು ಬಿಡುತ್ತದೆ. ರೋಗದ ಹೆಸರು ಕ್ಯಾನ್ಸರ್.

ಇದು ತಿಳಿದ ಮೇಲೂ ನಡೆದದ್ದು ಇನ್ನೂ ಘೋರ. ಎರಡನೇ ಮಹಾಯುದ್ಧದ ನಂತರ ಜರ್ಮನ್ ಭಾಷಿಕರನ್ನು ಹೊರಗಟ್ಟಲಾಯಿತು. 1948ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಸರ್ಕಾರ ಗಣಿಗಳ ಸುತ್ತ ಸೆರೆಶಿಬಿರಗಳನ್ನು ನಡೆಸಿತು. ಗುರುಗಳು, ರೈತರು, ವಿದ್ಯಾರ್ಥಿಗಳು, ಸ್ಕೌಟ್ ಹುಡುಗರು ರಾಜಕೀಯ ಕೈದಿಗಳಾಗಿ ಯುರೇನಿಯಂ ಅಗೆದರು. ಅದು ಹೋದದ್ದು ಸೋವಿಯತ್ ಒಕ್ಕೂಟಕ್ಕೆ. ಅದಿರು ಪುಡಿ ಮಾಡುತ್ತಿದ್ದ ಇಟ್ಟಿಗೆಯ ಕಟ್ಟಡವೊಂದನ್ನು ಜನ ಇಂದಿಗೂ 'ಸಾವಿನ ಗೋಪುರ' ಎನ್ನುತ್ತಾರೆ. 2019ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗಣಿನಾಡಿನಲ್ಲಿ ಅದೂ ಸೇರಿದೆ.

1964ರಲ್ಲಿ ಯುರೇನಿಯಂ ಗಣಿಗಾರಿಕೆ ನಿಂತಿತು. ಆದರೂ ಸ್ವೊರ್ನೊಸ್ತ್ ಎಂಬ ಹಳೆಯ ಗಣಿ ಮುಚ್ಚಿಲ್ಲ. ಸುಮಾರು 500 ಮೀಟರ್ ಆಳದಿಂದ ರೇಡಾನ್ ಬೆರೆತ ಬಿಸಿನೀರನ್ನು ಮೇಲೆತ್ತಿ, ಕೀಲುನೋವಿನವರಿಗೆ ಅಳತೆಯಿಟ್ಟು ಸ್ನಾನ ಮಾಡಿಸುತ್ತಾರೆ.