ಹೆಸರು ಬರೆದು ಹಾಕುವ ಓಟು

ಅಕ್ಕಂದಿರೇ, ಓಟಿನ ದಿನ ನಾವು ಏನು ಮಾಡ್ತೀವಿ? ಚಿಹ್ನೆ ನೋಡ್ತೀವಿ, ಗುಂಡಿ ಒತ್ತಿ ಬರ್ತೀವಿ. ಸ್ವಿಟ್ಜರ್ಲೆಂಡ್ ಎಂಬ ದೇಶದಲ್ಲಿ ಹಾಗಲ್ಲ. ಅಲ್ಲಿ ಚೀಟಿಯ ಮೇಲೆ ಹೆಸರು ಓದಬೇಕು. ಬೇಕಾದರೆ ಕೈಯಾರೆ ಬರೆಯಲೂಬಹುದು.

ಅದು ಯುರೋಪಿನ ಸಣ್ಣ ದೇಶ. ಒಳಗೆ ಕ್ಯಾಂಟನ್ ಎಂಬ ಪುಟ್ಟ ರಾಜ್ಯಗಳಿವೆ. ನಮ್ಮ ಲೋಕಸಭೆಯಂಥ ಸಭೆಗೆ 200 ಸ್ಥಾನ. ಜನ ಹೆಚ್ಚಿರುವ ಕ್ಯಾಂಟನ್ನಿಗೆ ಹೆಚ್ಚು ಸ್ಥಾನ.

ಒಂದು ಕ್ಯಾಂಟನ್ನಿಗೆ 5 ಸ್ಥಾನ ಅಂತ ಇಟ್ಟುಕೊಳ್ಳೋಣ. ಆಗ ಒಬ್ಬೊಬ್ಬರಿಗೂ 5 ಓಟು! ಪ್ರತಿ ಪಕ್ಷದ ಹೆಸರುಗಳ ಪಟ್ಟಿ ಅಚ್ಚಾಗಿ ಬರುತ್ತದೆ. ಅದನ್ನು ಹಾಗೇ ಹಾಕಬಹುದು. ಬೇಡದ ಹೆಸರನ್ನು ಹೊಡೆದು ಹಾಕಬಹುದು. ಬೇರೆ ಪಕ್ಷದವರ ಹೆಸರನ್ನು ಅಲ್ಲಿ ಬರೆಯಬಹುದು. ಮೆಚ್ಚಿದವರ ಹೆಸರನ್ನು ಎರಡು ಸಲ ಬರೆಯಬಹುದು. ಮೂರು ಸಲ ಬರೆಯುವ ಹಾಗಿಲ್ಲ. ಪಕ್ಷಕ್ಕೆ ಬಿದ್ದ ಓಟು ಎಷ್ಟೋ, ಸ್ಥಾನದಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಪಕ್ಷದೊಳಗೆ ಯಾರಿಗೆ ಹೆಚ್ಚು ಓಟೋ ಅವರು ಗೆದ್ದರು. 1919ರಿಂದ ಈ ಪದ್ಧತಿ ಇದೆ.

ಚೆನ್ನಾಗಿದೆ ಅಂದ್ರಾ? ತಡೀರಿ. ಆಗ ಆ ಚೀಟಿ ಗಂಡಸರ ಕೈಗೆ ಮಾತ್ರ ಬಂತು.

ಅಲ್ಲಿನ ಹೆಂಗಸರಿಗೆ ಓದು ಬರಹ ಬರುತ್ತಿತ್ತು. ಹೊಲ, ಕಾರ್ಖಾನೆ, ಶಾಲೆ, ಎಲ್ಲ ಕಡೆ ದುಡಿಯುತ್ತಿದ್ದರು. ಓಟು ಮಾತ್ರ ಇಲ್ಲ. 1928ರಲ್ಲಿ ಬರ್ನ್ ಪಟ್ಟಣದಲ್ಲಿ ಮೆರವಣಿಗೆ ಮಾಡಿದರು. ದೊಡ್ಡದೊಂದು ಬಸವನಹುಳುವಿನ ಬೊಂಬೆ ಮಾಡಿ ಎಳೆದುಕೊಂಡು ಹೋದರು. ನಮ್ಮ ಓಟಿನ ಹಕ್ಕು ಈ ವೇಗದಲ್ಲಿ ಬರ್ತಾ ಇದೆ ನೋಡ್ರಿ ಅಂತ ಅದರ ಅರ್ಥ. 1929ರಲ್ಲಿ ಸುಮಾರು 2 ಲಕ್ಷ 49 ಸಾವಿರ ಸಹಿ ಕೂಡಿಸಿ ಕೊಟ್ಟರು. ಗಂಡಸರೂ ಸಹಿ ಹಾಕಿದ್ದರು. ಆದರೂ ಹಕ್ಕು ಬರಲಿಲ್ಲ.

ಯಾಕೆ? ಅಲ್ಲಿ ಸಂವಿಧಾನ ತಿದ್ದಬೇಕಾದರೆ ಮತದಾರರನ್ನೇ ಕೇಳಬೇಕು. ಮತದಾರರು ಯಾರು? ಗಂಡಸರು. ಹೆಂಗಸರಿಗೆ ಓಟು ಕೊಡೋಣವೋ ಬೇಡವೋ ಅಂತ ಅವರನ್ನೇ ಕೇಳಿದರು! 1959ರಲ್ಲಿ ಓಟು ಹಾಕಿದ ಮೂವರಲ್ಲಿ ಇಬ್ಬರು 'ಬೇಡ' ಅಂದರು. ಅಷ್ಟು ಹೊತ್ತಿಗೆ ನಮ್ಮ ದೇಶದ ಹೆಂಗಸರು ಲೋಕಸಭೆಗೆ ಎರಡು ಸಲ ಓಟು ಹಾಕಿ ಆಗಿತ್ತು. 1971ರ ಫೆಬ್ರವರಿ 7ರಂದು ಮತ್ತೆ ಕೇಳಿದರು. ಈ ಸಲ ಮೂವರಲ್ಲಿ ಸುಮಾರು ಇಬ್ಬರು 'ಆಗಲಿ' ಅಂದರು.

ಅದೇ ವರ್ಷ ಅಕ್ಟೋಬರ್ 31ರಂದು ಚುನಾವಣೆ. ಅಜ್ಜಿಯಾದವರೂ ದೇಶದ ಚುನಾವಣೆಯ ಚೀಟಿ ಹಿಡಿದದ್ದು ಆವಾಗಲೇ. 200 ಸ್ಥಾನದಲ್ಲಿ 10 ಹೆಂಗಸರು ಗೆದ್ದರು. ಹತ್ತೇನಾ ಅಂತ ನಗಬೇಡಿ. ಅಲ್ಲಿಯವರೆಗೆ ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಅಭ್ಯಾಸ: ಕಾಗದದ ಮೇಲೆ ನಿಮ್ಮೂರಿನ ಐದು ಜನರ ಹೆಸರು ಬರೆಯಿರಿ. ಬೇಡವೆನಿಸಿದ ಒಂದು ಹೆಸರನ್ನು ಹೊಡೆದು ಹಾಕಿ. ಆ ಜಾಗದಲ್ಲಿ ನಿಮಗೆ ಮೆಚ್ಚಿಗೆಯಾದವರ ಹೆಸರನ್ನು ಎರಡನೇ ಸಲ ಬರೆಯಿರಿ. ಯಾರಿಗೂ ತೋರಿಸಬೇಡಿ, ನಮಗೂ ಬೇಡ.