ಮಂಗನ ಕಾಯಿಲೆ: ಎಲ್ಲರೂ ಕೈಜೋಡಿಸಿದರೆ ತಡೆಯಬಹುದು



ಜ್ವರವೆಂದು ಬಂದವರನ್ನು ವೈದ್ಯರು “ಯಾವ ಊರು? ಕಾಡಿಗೆ ಹೋಗಿದ್ದಿರಾ? ಹತ್ತಿರದಲ್ಲಿ ಮಂಗ ಸತ್ತಿದೆಯೇ?” ಎಂದು ಕೇಳುತ್ತಾರೆ. ಇದಕ್ಕೆ ಬೇಸರಿಸಬೇಡಿ. ನಿಮ್ಮ ಉತ್ತರದಿಂದಲೇ ನಿಮ್ಮ ಚಿಕಿತ್ಸೆಯೂ ನಿಮ್ಮ ಊರಿನ ರಕ್ಷಣೆಯೂ ಆರಂಭವಾಗುತ್ತವೆ.

ರೋಗ ಪತ್ತೆಯಾದ ಬಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ತೀವ್ರ ಜ್ವರ ಬಂತು. ಭಾರತದಲ್ಲಿಲ್ಲದ ಹಳದಿ ಜ್ವರ ಬಂದಿತೇ ಎಂಬ ಆತಂಕ ಹುಟ್ಟಿತು. ರಾಜ್ಯದ ಆರೋಗ್ಯ ಇಲಾಖೆಯವರು ಹಾಗೂ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಕೂಡಿ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಉಣುಗುಗಳನ್ನೂ ಪರೀಕ್ಷಿಸಿದರು. ಇದು ಹೊಸ ವೈರಸ್, ಉಣುಗು ಕಚ್ಚುವುದರಿಂದ ಹರಡುತ್ತದೆ ಎಂದು ತಿಳಿಯಿತು.

ಯಾರ ಕೆಲಸ ಏನು?

ಮಂಗ ಸತ್ತ ಸುದ್ದಿ ಮೊದಲು ತಿಳಿಯುವುದು ಊರಿನವರಿಗೆ. ಅರಣ್ಯ ಮತ್ತು ಪಶುವೈದ್ಯ ಇಲಾಖೆಯವರು ಶವಪರೀಕ್ಷೆ ಮಾಡಿ ಮಾದರಿ ಕಳಿಸುತ್ತಾರೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಹರಡುವುದರಿಂದ ಆ ಜಾಗದಲ್ಲಿ ಕೀಟನಾಶಕ ಹಾಕಲಾಗುತ್ತದೆ. ಆಶಾ ಕಾರ್ಯಕರ್ತೆಯರು ಜ್ವರದವರನ್ನು ಗುರುತಿಸುತ್ತಾರೆ. ಪ್ರಯೋಗಾಲಯ ರಕ್ತ ಪರೀಕ್ಷಿಸುತ್ತದೆ. ಜಿಲ್ಲಾ ಸರ್ವೇಕ್ಷಣಾ ಘಟಕ ಈ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ, ಅಗತ್ಯವಿದ್ದರೆ ಹೊರಗಿನ ತಜ್ಞರನ್ನು ಕರೆಸುತ್ತದೆ. ಇವರಲ್ಲಿ ಒಬ್ಬರು ತಡ ಮಾಡಿದರೂ ಉಳಿದವರ ಕೆಲಸ ತಡವಾಗುತ್ತದೆ.

ಲಕ್ಷಣಗಳು

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈಕೈ ನೋವು, ವಾಂತಿ, ಭೇದಿ ಕಾಣಿಸುತ್ತವೆ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ನಡುಕ, ಮಂಪರು ಕಾಣಬಹುದು. ಆಗ ತಡಮಾಡದೆ ಮರಳಿ ಬನ್ನಿ.

ನೀವು ಮಾಡಬೇಕಾದ್ದು

* ಮಂಗ ಸತ್ತಿದ್ದರೆ ಮುಟ್ಟಬೇಡಿ, ಆ ಕಡೆ ದನ ಬಿಡಬೇಡಿ. ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.
* ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಎಚ್ಚರ ಬೇಕು. ದರಗು, ಸೌದೆ ತರಲು ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ.
* ಮರಳಿದ ಮೇಲೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.
* ಜ್ವರಕ್ಕೆ ನೀವಾಗಿಯೇ ಆಸ್ಪಿರಿನ್‌ನಂತಹ ನೋವಿನ ಮಾತ್ರೆ ನುಂಗಬೇಡಿ. ರಕ್ತಸ್ರಾವ ಹೆಚ್ಚಬಹುದು.

ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದರ ಬಳಕೆ ನಿಂತಿದೆ. ವೈರಸ್ ಕೊಲ್ಲುವ ನಿರ್ದಿಷ್ಟ ಔಷಧಿಯೂ ಇಲ್ಲ. ಆದರೂ ಬೇಗ ದಾಖಲಾಗಿ ಆರೈಕೆ ಪಡೆದವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಬಂಧುಗಳು ಹೆದರಿ ದೂರ ನಿಲ್ಲದೆ, ರೋಗಿಯ ಪಕ್ಕದಲ್ಲಿದ್ದು ಧೈರ್ಯ ತುಂಬಿ.